ಹೊಳೆಗಿಳಿಯದವರು

"ನೀವು ಹಿಂದ ಅದೀರಲ್ರಿ ಸರ್, ನನಗ್ಯಾಕ ಅಂಜಿಕಿ," ಎಂದು ಪುಷ್ಪಲತಾ ಮೂರನೆಯ ಸಲ ಹೇಳಿದಾಗ ತಿಪ್ಪೇಶನಿಗೆ ಕೈಯಲ್ಲಿದ್ದ ಹುಟ್ಟನ್ನು ಹೊಳೆಗೆ ಬಿಟ್ಟು ಸುಮ್ಮನೆ ಕೂತುಬಿಡಬೇಕು ಅನ್ನಿಸಿತು. ದೋಣಿ ಕಿರಿದು. ಇಬ್ಬರು ಒಬ್ಬರ ಹಿಂದೊಬ್ಬರು ಕೂತು ಹುಟ್ಟು ಹಾಕಬೇಕಾದ ಹಳದಿ ಫೈಬರ್ ದೋಣಿ. ಮುಂದೆ ಕೂತಿದ್ದ ಪುಷ್ಪಲತಾ ಹಗರಿಬೊಮ್ಮನಹಳ್ಳಿಯ ಅಂಗನವಾಡಿ ಮೇಲ್ವಿಚಾರಕಿ, ಐವತ್ತು ದಾಟಿದವಳು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಪಟ್ಟಿ ಆಕೆಯ ಮೈಗೆ ಸಾಲದೆ ಹುರಿಯಿಂದ ಬಿಗಿದಿದ್ದರು. ಬೆಳಿಗ್ಗೆ ದಂಡೆಯಲ್ಲಿ ಹತ್ತು ಜನರನ್ನೂ ಸಾಲಾಗಿ ನಿಲ್ಲಿಸಿಕೊಂಡು, ಈಜು ಬರುವವರು ಒಬ್ಬರು, ಬಾರದವರು ಒಬ್ಬರು ಎಂದು ಜೋಡಿ ಮಾಡುತ್ತ ಬಂದ ದೋಣಿಯ ಹುಲುಗಪ್ಪ ಆಕೆಯನ್ನು ತಂದು ತಿಪ್ಪೇಶನ ಮುಂದೆ ನಿಲ್ಲಿಸಿದ್ದ. ಆಕೆ ಪ್ರವಾಸದ ಅರ್ಜಿಯಲ್ಲಿ ಈಜಿನ ಪ್ರಶ್ನೆಗೆ 'ಇಲ್ಲ' ಎಂದು ಬರೆದಿದ್ದಳು, ಪಕ್ಕದಲ್ಲಿ 'ಬಕೆಟ್ ನೀರು ಕಂಡರೂ ಭಯ' ಎಂದು ಸೇರಿಸಿದ್ದಳಂತೆ. ತಿಪ್ಪೇಶ 'ಹೌದು' ಎಂದು ಬರೆದಿದ್ದ. ಬರೆದದ್ದು ಸುಳ್ಳು. ನಲವತ್ತೈದು ವರ್ಷದ ತಿಪ್ಪೇಶನಿಗೆ, ಹರಪನಹಳ್ಳಿ ತಾಲ್ಲೂಕಿನ ಸರ್ವೇಯರ್ ತಿಪ್ಪೇಶನಿಗೆ, ಈಜು ಬರುತ್ತಿರಲಿಲ್ಲ. ಸೊಂಟ ಮುಳುಗುವಷ್ಟು ನೀರಿಗೆ ಅವನು ಯಾವತ್ತೂ ಇಳಿದಿರಲಿಲ್ಲ.

ಸುಳ್ಳು ಬರೆಯುವ ಮನುಷ್ಯನಲ್ಲ ಅವನು. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಅವನ ಅಳತೆಯ ಮೇಲೆ ಮರುಅಳತೆಯ ಅರ್ಜಿ ಬಿದ್ದದ್ದು ಎರಡೇ ಸಲ, ಎರಡು ಸಲವೂ ಅವನ ಗೆರೆಯೇ ನಿಂತಿತ್ತು. ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತ ಬದುವಿನ ಮೇಲೆ ಅವನು ಒಬ್ಬನೇ ನಡೆದು ಹೋಗಿ ಕಲ್ಲು ನೆಟ್ಟು ಬಂದಿದ್ದಾನೆ, ಯಾರ ಮನೆಯ ಮಜ್ಜಿಗೆಯನ್ನೂ ಕುಡಿಯದೆ. ಕುಡಿಯದೇ ಇರುವುದಕ್ಕೆ ಅವನದೇ ಕಾರಣಗಳಿದ್ದವು: ಕೆಲವರು ಲೋಟ ಕೊಡುವ ಮುಂಚೆ ಅವನ ಹೆಸರಿನ ಹಿಂದುಮುಂದು ವಿಚಾರಿಸುತ್ತಿದ್ದರು. ಅಂಥವನು ಒಂದು ಮಧ್ಯಾಹ್ನ ಕಚೇರಿಯಲ್ಲಿ ಮೊಬೈಲಿಗೆ ಬಂದ ಅರ್ಜಿಯ ಏಳನೆಯ ಕಾಲಮ್ಮಿನಲ್ಲಿ, ಈಜು ಬರುತ್ತದೆಯೆ ಎಂಬ ಪ್ರಶ್ನೆಗೆ, ಹೆಬ್ಬೆರಳಿನಿಂದ 'ಹೌದು' ಒತ್ತಿಬಿಟ್ಟ. ಒತ್ತಿಸಿದವನು ಅರುಣ್ ಕುಮಾರ್. ಈ ಎರಡು ದಿನದ ದೋಣಿ ಪ್ರವಾಸವನ್ನು ನೌಕರರಿಗೆಂದು ಹೊಂದಿಸಿದವನೇ ಅವನು. ಕೊಟ್ಟೂರಿನಲ್ಲಿ ರೆವಿನ್ಯೂ ಇನ್‌ಸ್ಪೆಕ್ಟರ್, ತಿಪ್ಪೇಶನ ಊರಿನವನೇ, ಮೇಲಿನ ಕೇರಿಯ ದೊಡ್ಡಮನೆಯ ಪಾಲಾಕ್ಷಪ್ಪನ ಮೊಮ್ಮಗ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿದ್ದ: 'ತಿಪ್ಪೇಶಣ್ಣ ನಮ್ಮೂರಿನವರು, ಹೊಳೆದಂಡೆಯಲ್ಲೇ ಹುಟ್ಟಿದವರು, ಅವರಿಗೆ ಜಾಕೆಟ್ಟೇ ಬೇಡ.' ಅದಕ್ಕೆ ಹನ್ನೊಂದು ಮಂದಿ ಹೆಬ್ಬೆರಳು ತೋರಿಸಿದ್ದರು. ಅಷ್ಟಾದ ಮೇಲೆ ಇಲ್ಲ ಅನ್ನುವುದು ಹೇಗೆ? ಇಲ್ಲ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅನ್ನುವುದನ್ನು ಅವನು ಹೆಂಡತಿ ಸುಮಂಗಲಾಳಿಗೂ ಸರಿಯಾಗಿ ಹೇಳಿರಲಿಲ್ಲ. ಇನ್ನು ಅಪ್ಪನಿಗೆ ಈ ಪ್ರವಾಸದ ವಿಷಯವನ್ನೇ ಹೇಳಿರಲಿಲ್ಲ; ಹಡಗಲಿ ಕಡೆ ಎರಡು ದಿನ ತರಬೇತಿ ಐತಿ ಎಂದು ಚಪ್ಪಲಿ ಮೆಟ್ಟುತ್ತ, ಮುಖ ಕೊಡದೆ, ಹೊರಟು ಬಂದಿದ್ದ.

ಹೊಳೆ ಮಾತ್ರ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಮಳೆಗಾಲ ಮುಗಿದು ನೀರು ತಿಳಿಯಾಗಿ, ದಂಡೆಯ ಲಾಳದ ಹುಲ್ಲು ಆಳೆತ್ತರ ನಿಂತು, ಅದರಾಚೆ ಊರುಗಳಿವೆ ಅನ್ನುವುದೇ ಮರೆತುಹೋಗುವಂತಿತ್ತು. ಬಂಡೆಯ ಮೇಲೆ ನೀರುನಾಯಿಗಳ ಒಂದು ಸಂಸಾರ ಮೈ ಒರಸಿಕೊಳ್ಳುತ್ತಿತ್ತು. ದೋಣಿ ಸಮೀಪ ಬಂದದ್ದೇ ಒಂದರ ಹಿಂದೊಂದು ಸದ್ದಿಲ್ಲದೆ ಜಾರಿಕೊಂಡವು. ಮುಂದೆ ಹುಲುಗಪ್ಪನ ಹರಿಗೋಲು, ಅದರಲ್ಲಿ ಟೆಂಟು, ಪಾತ್ರೆ, ಅಕ್ಕಿಯ ಚೀಲ. ಅದರ ಹಿಂದೆ ಐದು ಹಳದಿ ದೋಣಿಗಳು. ಹುಟ್ಟು ಹಾಕುವುದನ್ನು ತಿಪ್ಪೇಶ ಹತ್ತು ನಿಮಿಷದಲ್ಲಿ ಕಲಿತ. ಗೆರೆ ನೆಟ್ಟಗೆ ಹೋಗಬೇಕೆನ್ನುವುದು ಅವನ ಕೈಗೆ ಹೊಸದಲ್ಲ. ಎದುರು ದಂಡೆಯ ಒಂದು ಮರದ ಮೇಲೆ ಕಣ್ಣಿಟ್ಟು ಎಡಕ್ಕೆರಡು, ಬಲಕ್ಕೆರಡು ಹಾಕಿದರೆ ದೋಣಿ ಹೇಳಿದಂತೆ ಕೇಳುತ್ತಿತ್ತು. ಉಳಿದ ನಾಲ್ಕು ದೋಣಿಗಳು ಹಾವಿನಂತೆ ಹರಿದಾಡುವಾಗ ಅವನದೊಂದೇ ನೇರ ಹೋಗುತ್ತಿತ್ತು. ಅದನ್ನು ನೋಡಿ ಹುಲುಗಪ್ಪ, "ಸರ್ವೇದವ್ರ ಕೈ ಪಳಗೈತಿ ನೋಡ್ರಿ," ಎಂದು ಕೂಗಿ ಹೇಳಿದಾಗ ಅವನಿಗೆ ಖುಷಿಯಾಯಿತು. ಆ ಖುಷಿಯ ಬೆನ್ನಿಗೇ ನಾಚಿಕೆಯೂ ಆಯಿತು. ಪುಷ್ಪಲತಾ ತಿರುಗಿ ನೋಡಿ ನಕ್ಕಳು. ಆ ನಗೆಯಲ್ಲಿ ಪೂರಾ ನಂಬಿಕೆ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹೊಳೆ ತಿರುಗಿತು, ತಿರುಗಿದಲ್ಲಿ ಅವನ ಊರು ಕಂಡಿತು. ಊರನ್ನು ಅವನು ನೀರಿನ ಕಡೆಯಿಂದ ನೋಡಿದ್ದು ಅದೇ ಮೊದಲು. ಮೊದಲಿಗೆ ಗುರುತೇ ಸಿಗಲಿಲ್ಲ. ಆಮೇಲೆ ಬೇವಿನ ಮರ, ಅದರ ಬುಡದಿಂದ ಇಳಿದು ಬರುವ ಹದಿನೇಳು ಕಲ್ಲಿನ ಮೆಟ್ಟಿಲು. ಹದಿನೇಳು ಎಂದು ಅವನಿಗೆ ಗೊತ್ತಿದ್ದದ್ದು ಮೇಲಿನಿಂದ ಎಣಿಸಿ. ನೀರೊಳಗೆ ಇನ್ನೂ ನಾಲ್ಕು ಇವೆಯೆಂದು ಈಗ ತಿಳಿಯಿತು. "ನಮ್ಮೂರ ಘಾಟ್ ನೋಡ್ರಿ," ಎಂದು ಅರುಣ್ ಕುಮಾರ್ ಪಕ್ಕದ ದೋಣಿಯಿಂದ ಎಲ್ಲರಿಗೂ ತೋರಿಸಿದ, "ನಾನೂ ತಿಪ್ಪೇಶಣ್ಣನೂ ಬಿದ್ದು ಎದ್ದು ಬೆಳದಿದ್ದು ಇಲ್ಲೇ." ತಿಪ್ಪೇಶ ಕೂರುತ್ತಿದ್ದದ್ದು ಬೇವಿನ ಬೇರಿನ ಮೇಲೆ, ಮಡಿಲ ತುಂಬ ತನ್ನ ಕೇರಿಯ ಹುಡುಗರ ಅಂಗಿ ಚಡ್ಡಿ ಇಟ್ಟುಕೊಂಡು. ಲೇ ತಿಪ್ಯಾ, ಕಾಯ್ತಿರಲೇ, ನಾಯಿ ಎಳಕೊಂಡು ಹೋದೀತು ಅನ್ನುತ್ತಿದ್ದರು. ತೇಲಲು ಖಾಲಿ ಎಣ್ಣೆಯ ಡಬ್ಬಿ ಸೊಂಟಕ್ಕೆ ಕಟ್ಟಿಕೊಂಡು ಅವರು ದುಮುಕುತ್ತಿದ್ದರು, ಪಕ್ಕದ ಮನೆಯ ಕ್ರಾಂತಿ ದುಮುಕುತ್ತಿದ್ದ, ಕುಂಟ ಹುಲುಗೇಶನೂ ದುಮುಕುತ್ತಿದ್ದ, ಒಂದು ತಿಂಗಳಿಗೆ ಡಬ್ಬಿ ಬಿಚ್ಚಿಟ್ಟು ಮೀನಿನಂತಾಗುತ್ತಿದ್ದರು. ಇವನು ಬಟ್ಟೆ ಕಾಯುತ್ತಿದ್ದ. ಒದ್ದೆ ಕೈಯಲ್ಲಿ ಅವರು ಅಂಗಿ ಎಳೆದುಕೊಳ್ಳುವಾಗ ಅವನ ತೊಡೆಯ ಮೇಲೆ ನಾಲ್ಕು ಹನಿ ಬೀಳುತ್ತಿತ್ತು. ಹೊಳೆಯಲ್ಲಿ ಅವನ ಪಾಲು ಅಷ್ಟು.

ಆಗ ಊರಿನವರು ಯಾರೂ ಅವನನ್ನು ತಡೆಯುತ್ತಿರಲಿಲ್ಲ, ಅದೇ ಅದರ ಕಗ್ಗಂಟು. ತಡೆ ಇದ್ದದ್ದು ಅವನಿಗೆ ಒಂಬತ್ತು ವರ್ಷವಾಗುವ ತನಕ. ಕೇರಿಯವರು ಘಾಟಿನಿಂದ ಕೆಳಗೆ, ಎಮ್ಮೆ ಮೈತೊಳೆದ ನೀರು ಬಂದು ನಿಲ್ಲುವ ಗುಂಡಿಯಲ್ಲಿ ಕೊಡ ತುಂಬಬೇಕಿತ್ತು. ಆ ವರ್ಷ ಒಂದು ಗಲಾಟೆಯಾಗಿ, ಪೊಲೀಸ್ ಜೀಪು ಬಂದು, ಬೇವಿನ ಕಟ್ಟೆಯ ಮೇಲೆ ಸಭೆ ಕೂಡಿತು. ಪಾಲಾಕ್ಷಪ್ಪ ನಡುವೆ ಕೂತು, ಇನ್ನು ಮೇಲೆ ಘಾಟು ಎಲ್ಲರಿಗೂ ಬಿಟ್ಟೈತಿ ಎಂದು ದೊಡ್ಡ ಮನಸ್ಸು ಮಾಡಿ ಸಾರಿದ. ಹಾಳೆಯ ಮೇಲೆ ಸಹಿಗಳಾದವು, ಸಕ್ಕರೆ ಹಂಚಿದರು. ರಸ್ತೆ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ಜೋಗಪ್ಪ ಸಹಿ ಮಾಡಲಿಲ್ಲ, ಸಕ್ಕರೆಗೆ ಕೈ ಚಾಚಲಿಲ್ಲ. ಮನೆಗೆ ಬಂದು ಅಂಗಿ ಗೂಟಕ್ಕೆ ಹಾಕಿ ಹೇಳಿದ: "ಬಿಡಾಕ ಹೊಳಿ ಅವ್ರಪ್ಪಂದೇನು? ಅವ್ರು ಬಿಟ್ರು ಅಂತ ನಾವು ಇಳದ್ರ, ಹೊಳಿ ಅವ್ರದು ಅಂತ ಒಪ್ಪಿದಂಗ. ನನ್ನ ಮಕ್ಕಳು ಇಳಿಯಂಗಿಲ್ಲ." ಅವ್ವ ಸುಂಕಮ್ಮ ಮೂರು ದಿನ ಬೈದಳು, ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಈ ಸೊಕ್ಕು ಯಾಕೆ ಎಂದಳು. ಆಮೇಲೆ ಅಪ್ಪ ಹಿತ್ತಲಲ್ಲಿ ಬಾವಿ ತೋಡಲು ನಿಂತ, ಗ್ಯಾಂಗಿನಿಂದ ಬಂದು ದಿನಾ ಸಂಜೆ. ಬಂಡೆ ಸಿಕ್ಕಿ, ಬಂಡೆ ಒಡೆದು, ಹದಿನಾಲ್ಕು ತಿಂಗಳಿಗೆ ನೀರು ಬಂತು. ಇಡೀ ಕೇರಿ ಹೊಳೆಗಿಳಿದು ನಗುತ್ತಿದ್ದಾಗ ಜೋಗಪ್ಪನ ಮನೆಯವರು ಮಾತ್ರ ಅಂಗೈಯಗಲದ ಬಾವಿಯಿಂದ ಚಿಕ್ಕ ಕೊಡದಲ್ಲಿ ನೀರು ಸೇದಿಕೊಂಡರು. ಆ ಬಾವಿಯಲ್ಲಿ ಈಜು ಕಲಿಯುವುದಿರಲಿ, ಬಿದ್ದರೆ ಹೊರಳಲೂ ಜಾಗವಿರಲಿಲ್ಲ. ಅದನ್ನು ನೆನೆದಾಗಲೆಲ್ಲ ತಿಪ್ಪೇಶನಿಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬರುವಾಗಲೇ ಎದೆ ಒಂದಿಷ್ಟು ಉಬ್ಬುತ್ತದೆ, ಯಾವುದು ಮೊದಲು ಎಂದು ಅವನಿಗೆ ಈ ವಯಸ್ಸಿಗೂ ಬಗೆಹರಿದಿಲ್ಲ.

ಸಂಜೆ ಊರುಗಳಿಂದ ದೂರ, ಜಾಲಿಯ ಕಾಡು ಹೊಳೆಯವರೆಗೆ ಇಳಿದು ಬಂದ ಕಡೆ, ಮರಳದಂಡೆಯಲ್ಲಿ ಬೀಡು ಬಿಟ್ಟರು. ಟೆಂಟು ಹೊಡೆಯುವ ಮುಂಚೆಯೇ ಅರ್ಧ ಜನ ನೀರಿಗೆ ಬಿದ್ದರು. ಅರುಣ್ ಕುಮಾರ್ ಹೊಳೆಯ ನಡುವಿನ ಬಂಡೆಯ ತನಕ ಹೋಗಿ ಅದರ ಮೇಲೆ ನಿಂತು, "ಬಾರಣ್ಣ ತಿಪ್ಪೇಶಣ್ಣ, ಹಳೇ ಕೈ ತೋರ್ಸು," ಎಂದು ಕರೆದ. ತಿಪ್ಪೇಶ ಗೂಟ ಬಡಿಯುತ್ತಿದ್ದ. "ಮೊದ್ಲು ಇದನ್ನ ಮುಗಸ್ತೀನಿ," ಎಂದ. ಅದು ಮುಗಿದಾಗ ಕಟ್ಟಿಗೆ ಆಯಲು ಹೋದ. ಕಟ್ಟಿಗೆ ಸಾಕಾದಾಗ ಭುಜ ಹಿಡಿದಿದೆ ಎಂದು ಉಜ್ಜಿಕೊಂಡ. ಹೋದ ಸಲ ಕೊಟ್ಟೂರಿನ ಕಚೇರಿಯಲ್ಲಿ ಇದೇ ಅರುಣ್ ಕುಮಾರ್ ಅವನ ಹೆಗಲ ಮೇಲೆ ಕೈ ಹಾಕಿ ತನ್ನ ತಟ್ಟೆಯಿಂದಲೇ ಮಂಡಕ್ಕಿ ತಿನ್ನಿಸಿದ್ದ, ಹಾಗೆ ತಿನ್ನಿಸುವಾಗ ಸುತ್ತ ಕೂತವರನ್ನು ಒಂದು ಸಲ ನೋಡಿಕೊಂಡಿದ್ದ. ಕೆಟ್ಟವನಲ್ಲ. ಒಳ್ಳೆಯವನಾಗಿರುವುದನ್ನು ನಾಲ್ಕು ಜನ ನೋಡಲಿ ಅನ್ನುವವನು. ಸುಳ್ಳು ಹೇಳಿ ಸಿಕ್ಕಿಬೀಳುವುದಾದರೆ ಯಾರ ಮುಂದಾದರೂ ಸಿಕ್ಕಿಬೀಳಬಹುದು, ಅವನ ಮುಂದೆ ಬೇಡ ಎಂದು ತಿಪ್ಪೇಶ ಒಲೆಯ ಹೊಗೆಯಲ್ಲಿ ಕಣ್ಣು ಉಜ್ಜುತ್ತ ಅಂದುಕೊಂಡ.

ಊಟಕ್ಕೆ ಕೂತಾಗ ಹುಲುಗಪ್ಪ ನಾಳೆಯ ಹಾದಿ ಹೇಳಿದ. ಅಪ್ಪ ಅಜ್ಜನ ಕಾಲದಿಂದ ಹರಿಗೋಲು ಹಾಕಿದ ಮನೆತನದವನು, ಮಾತು ಕಡಿಮೆ. ಇಲ್ಲಿಂದ ಅರ್ಧ ಮೈಲಿಗೆ ಕಲ್ಲುಸಾಲು ಬರುತ್ತದೆ, ಹೊಳೆ ಅಲ್ಲಿ ಬಂಡೆಗಳ ಸಂದಿಯಲ್ಲಿ ನುಗ್ಗುತ್ತದೆ, ಒಂದೋ ಎರಡೋ ದೋಣಿ ಮಗುಚುವುದು ಇದ್ದದ್ದೇ. "ಜಾಕೆಟ್ ತೇಲಸ್ತೈತ್ರಿ," ಎಂದ, "ದಂಡಿಗಿ ತರಂಗಿಲ್ಲ. ದಂಡಿಗಿ ತರೋದು ಹಿಂದ ಕುಂತವ್ರ ಕೆಲಸ. ಮುಂದಿನವ್ರ ಕೊರಳಪಟ್ಟಿ ಹಿಡ್ಕೊಂಡು, ಒಂದ್ ಕೈಲೆ ಈಸ್ಕೋಂತ, ಎಡಕ್ಕ ಬರ್ರಿ. ಬಲಕ್ಕ ಹೋದ್ರ ಕಲ್ಲಿನ ಬಾಯಾಗ ಸಿಗ್ತೀರಿ. ಹಿಂದಿನೊರ್ಸ ಒಬ್ರು ಸಿಕ್ಕಿದ್ರು." ಸಿಕ್ಕವರು ಏನಾದರು ಎಂದು ಯಾರೂ ಕೇಳಲಿಲ್ಲ. ಪುಷ್ಪಲತಾ ಎದ್ದು ಹೋಗಿ ಗಂಡನಿಗೆ ಫೋನು ಮಾಡಿದಳು. ಸಿಗ್ನಲ್ ಇದ್ದದ್ದು ತಿಪ್ಪೇಶ ಕೂತ ಬಂಡೆಯ ಹತ್ತಿರವೇ, ಅವಳ ಮಾತೆಲ್ಲ ಕೇಳಿಸಿತು. "ಏನೂ ಆಗಂಗಿಲ್ಲ, ಸುಮ್ನ ಮಕ್ಕೋರಿ. ನನ್ನ ಜೋಡಿ ಸರ್ವೇದವ್ರು ಅದಾರ, ಹೊಳಿ ದಂಡಿಯವ್ರು, ಭಾಳ ಚಲೋ ಮನುಷ್ಯಾರು." ಚಲೋ ಮನುಷ್ಯಾರು ಎಂಬ ಮಾತು ತಿಪ್ಪೇಶನಿಗೆ ತುತ್ತಿನಲ್ಲಿ ಹರಳು ಸಿಕ್ಕಂತಾಯಿತು.

ಬೆಳಗಾಗುವ ಹೊತ್ತಿಗೆ ಅವನ ಹತ್ತಿರ ಮೂರು ನೆಪಗಳು ತಯಾರಾಗಿದ್ದವು. ಹೊಟ್ಟೆನೋವು ಅನ್ನಬಹುದು. ತಹಶೀಲ್ದಾರರ ಫೋನು ಬಂತು, ಹೊರಡಲೇಬೇಕು ಅನ್ನಬಹುದು. ಭುಜದ ನೋವು ಹೇಗೂ ನಿನ್ನೆಯೇ ಶುರುವಾಗಿದೆ. ಮೂರರಲ್ಲಿ ಯಾವುದನ್ನು ಹೇಳಿದರೂ ಅವಳನ್ನು ಬೇರೆ ಯಾರ ಜೊತೆಗಾದರೂ ಕೂರಿಸುತ್ತಾರೆ, ಅವಳು ಉಳಿಯುತ್ತಾಳೆ, ಇವನ ಮಾನವೂ ಉಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಎಲ್ಲರೂ ಚಹಾ ಮುಗಿಸಿ ಜಾಕೆಟ್ಟು ಬಿಗಿದುಕೊಂಡು ನಿಂತರು. ಕಲ್ಲುಸಾಲಿನ ಮೊರೆತ ಇಲ್ಲಿಗೇ ಕೇಳುತ್ತಿತ್ತು. ಭುಜ ಎಂದು ಬಾಯಿ ತೆರೆಯುವಷ್ಟರಲ್ಲಿ ಪುಷ್ಪಲತಾ ಅವನ ಹತ್ತಿರ ಬಂದು ಕನ್ನಡಕ ತೆಗೆದು ಕೈಯಲ್ಲಿಟ್ಟಳು. "ನಿಮ್ಮ ಜೇಬಿನ್ಯಾಗ ಇಟ್ಕೋರಿ ಸರ್. ಇದಿಲ್ದ ನನಗ ಎದ್ರಿಗಿದ್ದವ್ರು ಕಾಣಂಗಿಲ್ಲ. ಕಾಣದಿದ್ರ ಚಲೋ, ಅಂಜಿಕಿ ಆಗಂಗಿಲ್ಲ. ನೀವು ಹೇಳ್ದಂಗ ಮಾಡ್ತೀನಿ." ಕನ್ನಡಕದ ಕಡ್ಡಿಗಳು ಇನ್ನೂ ಬೆಚ್ಚಗಿದ್ದವು. ಕಣ್ಣು ಕಿರಿದು ಮಾಡಿಕೊಂಡು ಅವಳು ಅವನಿದ್ದ ದಿಕ್ಕಿಗೆ ನಗುತ್ತಿದ್ದಳು. ಇಂಥವಳ ಮುಂದೆ ಇನ್ನೊಂದು ಸುಳ್ಳು ಹೇಳುವುದು ತನ್ನಿಂದಾಗದು ಎಂದು ತಿಪ್ಪೇಶನಿಗೆ ತಿಳಿಯಿತು. ಭಯಕ್ಕಲ್ಲ. ಈ ಸುಳ್ಳು ತನಗೆ ಒಪ್ಪುವುದಿಲ್ಲ ಅನ್ನಿಸಿತು. ಯಾರೋ ಕೊಟ್ಟ ಅಳತೆ ತಪ್ಪಿದ ಅಂಗಿಯನ್ನು ನಿನ್ನೆಯಿಂದ ತೊಟ್ಟು ತಿರುಗುತ್ತಿದ್ದೇನೆ ಅನ್ನಿಸಿತು.

"ಹುಲುಗಪ್ಪ," ಎಂದು ಕರೆದ. ಹತ್ತೂ ಜನಕ್ಕೆ ಕೇಳುವಷ್ಟು ಜೋರಾಗಿಯೇ ಕರೆದ. "ನನಗ ಈಸಾಕ ಬರಂಗಿಲ್ಲ. ಅರ್ಜಿಯೊಳಗ ಸುಳ್ಳು ಬರದೀನಿ."

ಹುಲುಗಪ್ಪ ಅವನನ್ನು ಕಾಲಿನಿಂದ ತಲೆಯ ತನಕ ನೋಡಿದ. "ನಿನ್ನಿ ಹೇಳಬೇಕಿತ್ತಲ್ರಿ," ಎಂದ. "ಆ ತಾಯಿ ಜೀವಾ ನಿಮ್ಮ ಕೈಯಾಗಿಟ್ಟಿದ್ನಲ್ಲ ನಾನು."

"ಹೇಳಬೇಕಿತ್ತು. ತಪ್ಪಾತು." ಅದನ್ನು ಪುಷ್ಪಲತಾಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದ. "ತಪ್ಪಾತ್ರಿ ಮೇಡಂ." ಅವಳು ಕೈ ಚಾಚಿ ಕನ್ನಡಕ ಇಸಿದುಕೊಂಡು ಹಾಕಿಕೊಂಡಳು, ಹಾಕಿಕೊಂಡು ಅವನ ಮುಖ ನೋಡಿದಳು. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಹೊಳಿ ದಂಡಿಯವ್ರಿಗೇ ಬರಂಗಿಲ್ಲಂತ. ತಿಪ್ಪೇಶನ ಕಿವಿ ಬಿಸಿಯಾಯಿತು, ಆದರೆ ಅವನು ಕಾಯುತ್ತಿದ್ದ ಅವಮಾನ ಬರಲಿಲ್ಲ. ಬಾಗಿಲು ತೆರೆದಿಟ್ಟು ಕೂತರೂ ಅತಿಥಿ ಬಾರದೆ ಹೋದಂತೆ, ಅವನು ಒಂದು ಕ್ಷಣ ಏನು ಮಾಡಬೇಕೆಂದು ತೋಚದೆ ನಿಂತ.

ಬಂದವನು ಅರುಣ್ ಕುಮಾರ್. ನಗುತ್ತಿದ್ದವರನ್ನು ಕೈ ಎತ್ತಿ ಸುಮ್ಮನಾಗಿಸಿ ತಿಪ್ಪೇಶನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಇಟ್ಟ. ಅವನ ಕಣ್ಣಲ್ಲಿ ನೀರೇ ಬಂದಿತ್ತು, ಅದು ನಾಟಕವೂ ಅಲ್ಲ. "ನಗಬ್ಯಾಡ್ರಿ ಯಾರೂ," ಎಂದ. "ಅವ್ರ ತಪ್ಪಲ್ಲ ಅದು. ನಮ್ಮೂರಾಗ ಅವ್ರನ್ನ ಹೊಳಿಗೆ ಇಳಿಯಾಕ ಬಿಡ್ತಿರ್ಲಿಲ್ಲ. ನಮ್ಮವ್ರೇ, ನಮ್ಮ ದೊಡ್ಡವ್ರೇ ಬಿಡ್ತಿರ್ಲಿಲ್ಲ. ಹೆಂಗ್ ಕಲೀಬೇಕು ಪಾಪ? ಆ ದೊಡ್ಡವ್ರ ಪರವಾಗಿ ನಾನು ಎಲ್ರ ಮುಂದ ನಿಮ್ಮ ಕ್ಷಮಾ ಕೇಳ್ತೀನಿ ತಿಪ್ಪೇಶಣ್ಣ."

ಎಲ್ಲರ ಮುಖವೂ ಒಮ್ಮೆಲೇ ಮೆತ್ತಗಾಯಿತು. ನಕ್ಕವರು ತಲೆ ತಗ್ಗಿಸಿದರು. ಪುಷ್ಪಲತಾಳ ಹುಬ್ಬಿನ ಗಂಟೂ ಸಡಿಲಿತು. ಸುಳ್ಳಿಗೆ ಇದಕ್ಕಿಂತ ಒಳ್ಳೆಯ ಬಿಡುಗಡೆ ಸಿಗುವಂತಿರಲಿಲ್ಲ; ಹೂಂ ಎಂದು ತಲೆ ಆಡಿಸಿದ್ದರೆ ಸಾಕಿತ್ತು, ಅಥವಾ ಸುಮ್ಮನಿದ್ದರೂ ಸಾಕಿತ್ತು. ಆಡಿಸಿದರೆ ಸುಳ್ಳೂ ಅಲ್ಲ, ಅರ್ಧ ನಿಜವೇ. ಹೆಗಲ ಮೇಲಿನ ಕೈ ಬೆಚ್ಚಗಿತ್ತು. ಆದರೆ ಆ ಪಾಪ ಎಂಬ ಮಾತಿನೊಳಗೆ ಅಪ್ಪ ಎಲ್ಲೂ ಇರಲಿಲ್ಲ. ಹದಿನಾಲ್ಕು ತಿಂಗಳು ಬಂಡೆ ಒಡೆದ ರಟ್ಟೆ ಅದರಲ್ಲಿರಲಿಲ್ಲ, ಮೂರು ದಿನ ಬೈದು ನಾಲ್ಕನೆಯ ದಿನ ತಾನೇ ಬುಟ್ಟಿ ಹಿಡಿದು ಮಣ್ಣು ಹೊರಲು ನಿಂತ ಅವ್ವ ಇರಲಿಲ್ಲ. ಆ ಮಾತಿನೊಳಗಿದ್ದವರು ಬರೀ ಬಿಟ್ಟವರು, ಬಿಡದಿದ್ದವರು; ಎರಡೂ ದೊಡ್ಡಮನೆಯವರೇ. ಬೇವಿನ ಕಟ್ಟೆಯ ಸಭೆ ಮತ್ತೆ ಕೂಡಿದಂತಿತ್ತು, ಈ ಸಲ ಮರಳಿನ ಮೇಲೆ, ಮೊಮ್ಮಗ ನಡುವೆ ನಿಂತು. ತಿಪ್ಪೇಶ ಆ ಕೈಯನ್ನು ಹೆಗಲಿನಿಂದ ತೆಗೆದ. ಕೊಡವಲಿಲ್ಲ, ಹಿಡಿದು ಮೆಲ್ಲಗೆ ಕೆಳಗಿಟ್ಟ.

"ಬಿಟ್ಟಿದ್ರು ಅರುಣ್," ಎಂದ. "ನನಗ ಒಂಬತ್ತು ವರ್ಷ ಇದ್ದಾಗ ನಿಮ್ಮಜ್ಜ ಸಭಾ ಮಾಡಿ ಬಿಟ್ಟಿದ್ರು. ಕೇರಿಯವ್ರೆಲ್ಲ ಇಳದ್ರು, ಎಲ್ರಿಗೂ ಈಸಾಕ ಬರ್ತೈತಿ. ನಾವೊಂದ್ ಮನಿಯವ್ರು ಇಳೀಲಿಲ್ಲ. ನಮ್ಮಪ್ಪ ಇಳಸ್ಲಿಲ್ಲ."

"ಯಾಕಣ್ಣ?" ಎಂದ ಅರುಣ್ ಕುಮಾರ್. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ನಿಮ್ಮಜ್ಜಗ ಅದನ್ನ ಬಿಡೋ ಹಕ್ಕಿರ್ಲಿಲ್ಲ, ಅದಕ್ಕ."

ಅಷ್ಟು ಹೇಳುವಾಗ ಅವನ ದನಿ ಏರಲಿಲ್ಲ, ನಡುಗಲೂ ಇಲ್ಲ. ಬದುವಿನ ಮೇಲೆ ನಿಂತು, ಗೆರೆ ಇಲ್ಲಿಗೆ ಬರುತ್ತದೆ ಎಂದು ಎರಡೂ ಕಡೆಯವರಿಗೆ ಹೇಳುವ ದನಿಯೇ ಅದು. ಇಷ್ಟು ವರ್ಷ ಯಾಕೆ ಇದನ್ನು ಕುತ್ತಿಗೆಯ ಕೆಳಗೆ ಇಟ್ಟುಕೊಂಡಿದ್ದೆ ಎಂದು ಅವನಿಗೇ ಸೋಜಿಗವಾಯಿತು. ಈಜು ಬಾರದ್ದು ಒಂದು ಕೊರತೆ ಎಂದು ಬಚ್ಚಿಟ್ಟುಕೊಂಡು ತಿರುಗಿದ್ದ. ಅದು ಮನೆತನದ ಆಸ್ತಿ ಎಂದು ಹೊಳೆದದ್ದು ಹೇಳಿ ಮುಗಿದ ಮೇಲೆ. ಅರುಣ್ ಕುಮಾರ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತ ತನ್ನ ದೋಣಿಯ ಕಡೆ ನಡೆದ.

ಹುಲುಗಪ್ಪ ಎಲ್ಲರನ್ನೂ ಚದುರಿಸಿದ. ತಿಪ್ಪೇಶನೂ ಪುಷ್ಪಲತಾಳೂ ದಂಡೆ ಹಿಡಿದು ನಡೆದು ಬರಬೇಕು, ಕಲ್ಲುಸಾಲು ದಾಟಿದ ಮೇಲೆ ಮಡುವಿನ ಹತ್ತಿರ ಮತ್ತೆ ಹತ್ತಿಕೊಳ್ಳುವುದು, ಅವರ ದೋಣಿಯನ್ನು ಹರಿಗೋಲಿಗೆ ಕಟ್ಟಿ ತಾನು ತರುತ್ತೇನೆ ಎಂದ. ಹೋಗುವ ಮುಂಚೆ ತಿಪ್ಪೇಶನ ಹತ್ತಿರ ನಿಂತು, "ನಿಮ್ಮಪ್ಪಾರು ಅದಾರೇನ್ರಿ?" ಎಂದು ಕೇಳಿದ. ಅದಾರ, ನನ್ನ ಕೂಡೇ ಅದಾರ ಎಂದಾಗ ತಲೆಯಾಡಿಸಿ ಹೋದ.

ಬಂಡೆಗಳ ಮೇಲಿನ ದಾರಿ ಕಷ್ಟದ್ದಿತ್ತು. ಜಾಲಿಯ ಮುಳ್ಳು ಸರಿಸಿ ಸರಿಸಿ ತಿಪ್ಪೇಶ ಮುಂದೆ ನಡೆದ, ಎತ್ತರದ ಕಲ್ಲು ಬಂದಲ್ಲಿ ನಿಂತು ಕೈ ಕೊಟ್ಟ. ಪುಷ್ಪಲತಾ ಕೈ ಹಿಡಿದು ಹತ್ತುತ್ತಿದ್ದಳು, ಹತ್ತಿದ ಮೇಲೆ ಬಿಡುತ್ತಿದ್ದಳು. ಕೆಳಗೆ ಹೊಳೆ ನೊರೆ ಎದ್ದು ನುಗ್ಗುತ್ತಿತ್ತು. ಒಂದು ಹಳದಿ ದೋಣಿ ಬಂಡೆಗೆ ಬಡಿದು ಮಗುಚಿತು, ಎರಡು ತಲೆಗಳು ಮುಳುಗಿ ಎದ್ದವು, ಒಂದು ಇನ್ನೊಂದರ ಕೊರಳಪಟ್ಟಿ ಹಿಡಿದು ಎಡಕ್ಕೆ ಎಳೆಯುತ್ತಿತ್ತು. ಅವಳು ನಿಂತು ಅದನ್ನೇ ನೋಡಿದಳು, ಅವರಿಬ್ಬರೂ ದಂಡೆ ಹಿಡಿಯುವ ತನಕ.

"ಅಲ್ಲಿ ನಾನಿರ್ತಿದ್ದೆ," ಎಂದಳು. "ಹಿಡಿಯಾಕ ನೀವು ಸಿಗ್ತಿದ್ದಿಲ್ಲ."

"ಹೌದ್ರಿ."

"ಸಿಟ್ಟು ಐತಿ ನನಗ ನಿಮ್ಮ ಮ್ಯಾಲ. ಮುಚ್ಚಿಡಂಗಿಲ್ಲ."

"ಇರ್ಲಿ ಬಿಡ್ರಿ. ಇರಬೇಕಾದ್ದೇ."

ಮತ್ತೆ ಸ್ವಲ್ಪ ದೂರ ನಡೆದರು. ಕಲ್ಲುಸಾಲು ಮುಗಿದು ನೀರು ಅಗಲವಾಗಿ ಹಸಿರು ಮಡುವಾಗಿ ನಿಂತಿತ್ತು. ಬಿಸಿಲು ತಳದ ಮರಳಿನ ತನಕ ಇಳಿದಿತ್ತು. ಅವಳು ಒಂದು ಕಲ್ಲಿನ ಮೇಲೆ ಕೂತು ಏದುಸಿರು ಬಿಟ್ಟಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಅವನನ್ನೂ ಆ ನೀರನ್ನೂ ನೋಡಿದಳು.

"ಒಂದ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು. "ಅಪ್ಪಾರೇನೋ ಬ್ಯಾಡ ಅಂದ್ರು. ಸಣ್ಣ ಹುಡುಗ ನೀವು. ಒಮ್ಮಿನಾರ ಇಳೀಬೇಕು ಅನ್ನಿಸ್ಲಿಲ್ಲೇನ್ರಿ ನಿಮಗ?"

ತಿಪ್ಪೇಶ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಅಪ್ಪನೂ ಹಾಗೇ ನಿಲ್ಲುತ್ತಿದ್ದ, ಯಾರಾದರೂ ಏನಾದರೂ ಕೇಳಿದಾಗ.

"ದಿನಾ ಅನ್ನಿಸ್ತಿತ್ರಿ ಮೇಡಂ," ಎಂದ. "ದಿನಾ ಅನ್ನಿಸ್ತಿತ್ತು. ದಿನಾ ಇಳೀಲಿಲ್ಲ."